ಸಂಪಾದಕರ ಉತ್ತರ: ಈ ಪತ್ರಿಕೆಯಲ್ಲಿ ಸಿನಿಮಾ, ಕಾದಂಬರಿ ಯಾಕೆ?

ಪ್ರಿಯ ಸಹೋದರಿ,

ವಂದನೆಗಳು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಪತ್ತೇದಾರಿ ಕಾದಂಬರಿ, ಸಿನಿಮಾ, ಪಾತ್ರೆ ತೊಳೆಯುವಾಗಿನ ಪ್ರಾರ್ಥನೆ, ಇತ್ತೀಚೆಗೆ ಪತ್ರಿಕೆಯಲ್ಲಿ ಇಂಥವೇ ಜಾಸ್ತಿ, ಸತ್ಯವೇದದ, ಅಂದರೆ ಬೈಬಲಿನ, ಪಾಠ ಕಮ್ಮಿ ಎಂದು ಬರೆದಿದ್ದೀರಿ. "ಲೋಕದ ಗದ್ದಲ ಮನೆ ತುಂಬ ಇದೆ. ನಿಮ್ಮ ಪತ್ರಿಕೆಯಾದರೂ ಅದರಿಂದ ದೂರ ಇರಬಾರದಾ?" ಎಂದು ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ಮಗನ ವಿಷಯ ಇತ್ತು. ಒಂದು ವರ್ಷದಿಂದ ಅವನು ಚರ್ಚಿನ ಸಭೆಗೆ ಬರುತ್ತಿಲ್ಲ, ರಾತ್ರಿಯೆಲ್ಲ ಬಾಗಿಲು ಹಾಕಿಕೊಂಡು ವೆಬ್ ಸೀರೀಸ್ ನೋಡುತ್ತಾನೆ. ಹೆಸರಿಲ್ಲದೆ ಅದನ್ನೂ ಅಚ್ಚು ಹಾಕಬಹುದು ಎಂದು ನೀವೇ ಹೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ಹುಟ್ಟಿದ್ದೇ ಆ ಮುಚ್ಚಿದ ಬಾಗಿಲಿನ ಹೊರಗೆ ಅಂತ ನನಗೆ ಅನಿಸಿತು.

ಮೊದಲು, ನೀವು ಹಿಡಿದ ತಪ್ಪು. ಕೊನೆಗೆ ಸತ್ಯವೇದದ ಒಂದು ವಚನ ಅಂಟಿಸಿದರೆ ಸಿನಿಮಾ ಲೇಖನ ಆತ್ಮಿಕ ಲೇಖನ ಆಗಿಬಿಡುತ್ತಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಆ ವಚನ ಲೇಖಕರು ಬರೆದದ್ದಲ್ಲ, ನಾನು ಸೇರಿಸಿದ್ದು. ಓದುಗರು ಬೇಸರ ಮಾಡಿಕೊಂಡಾರು ಎಂಬ ಹೆದರಿಕೆಯಿಂದ ಹಾಗೆ ಮಾಡಿದೆ. ಸಿನಿಮಾಗೂ ಅದು ನ್ಯಾಯವಲ್ಲ, ವಚನಕ್ಕಂತೂ ಅಲ್ಲವೇ ಅಲ್ಲ. ಕ್ಷಮಿಸಿ.

ಆದರೆ ಕತೆಗಳನ್ನೇ ಹೊರಗಿಡಬೇಕು ಎನ್ನುವುದನ್ನು ಒಪ್ಪಲಾರೆ. ಯಾಕೆಂದರೆ ಸತ್ಯವೇದದಲ್ಲೇ, ಬೇರೆ ಯಾವ ದಾರಿಯೂ ಇಲ್ಲದ ಕಡೆ, ಒಂದು ಕತೆ ಒಳಗೆ ಹೋಗುವುದನ್ನು ನೋಡುತ್ತೇವೆ. ಎರಡನೇ ಸಮುವೇಲದ 12ನೇ ಅಧ್ಯಾಯ ತೆಗೆದು ನೋಡಿ. ಇಸ್ರಾಯೇಲಿನ ಅರಸ ದಾವೀದ ಇನ್ನೊಬ್ಬನ ಹೆಂಡತಿಯನ್ನು ಕರೆಸಿಕೊಂಡಿದ್ದಾನೆ. ಅವಳ ಗಂಡನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದಾನೆ. ಮಗು ಕೂಡ ಹುಟ್ಟಿದೆ. ಅಷ್ಟು ದಿನ ಅರಸನ ಮನಸ್ಸು ಕಲ್ಲಿನ ಹಾಗಿತ್ತು. ಧರ್ಮಶಾಸ್ತ್ರ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆಗ ಪ್ರವಾದಿ ನಾತಾನ ಬರುತ್ತಾನೆ. ಆಜ್ಞೆಗಳನ್ನು ಓದಿ ಹೇಳುವುದಿಲ್ಲ. ಒಬ್ಬ ಬಡವ, ಅವನಿಗೆ ಒಂದೇ ಒಂದು ಕುರಿಮರಿ ಎಂದು ಶುರುಮಾಡುತ್ತಾನೆ. ಅದು ಅವನ ಬಟ್ಟಲಲ್ಲೇ ಕುಡಿಯುತ್ತಿತ್ತು, ಅವನ ಎದೆಯ ಮೇಲೇ ಮಲಗುತ್ತಿತ್ತು, ಅವನಿಗೆ ಮಗಳ ಹಾಗಿತ್ತು. ಒಬ್ಬ ಐಶ್ವರ್ಯವಂತ ಅದನ್ನು ಕಿತ್ತುಕೊಂಡು ತನ್ನ ಅತಿಥಿಗೆ ಅಡುಗೆ ಮಾಡಿಸಿದ.

ದಾವೀದ ಸಿಟ್ಟಿನಿಂದ ಉರಿದುಹೋದ. ಅಂಥವನು ಸಾಯಬೇಕು ಎಂದ. ಆಗ ನಾತಾನ, "ಆ ಮನುಷ್ಯ ನೀನೇ" ಎಂದ.

ಈ ಭಾಗವನ್ನು ಎಷ್ಟೋ ಸಲ ಓದಿದ ಮೇಲೆ ನನ್ನ ಗಮನಕ್ಕೆ ಬಂದದ್ದು ಆ ಕುರಿಮರಿ. ದಾವೀದ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದವನು. ಸಿಂಹದ ಬಾಯಿಂದ ಮರಿಯನ್ನು ಬಿಡಿಸಿದವನು. ಅವನೊಳಗೆ ಇನ್ನೂ ಮೆತ್ತಗೆ ಉಳಿದಿದ್ದ ಜಾಗ ಯಾವುದೆಂದು ನಾತಾನನಿಗೆ ತಿಳಿದಿತ್ತು. ಅದೇ ಜಾಗಕ್ಕೆ ಕತೆ ಹೇಳಿದ. ಕತೆಯಲ್ಲಿ ಯಾರಿಗೂ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಆದರೂ ಅದರ ಕೊನೆಗೆ ಅರಸ, "ಕರ್ತನಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ" ಎನ್ನುತ್ತಾನೆ.

ವಿಶ್ವಾಸವಿಲ್ಲದವರು ಬರೆದದ್ದನ್ನು ಓದುವುದು ಸರಿಯೇ ಎಂದೂ ಕೇಳಿದ್ದೀರಿ. ಅಥೇನೆ (ಅಥೆನ್ಸ್) ಪಟ್ಟಣದ ಅರಿಯೊಪಾಗ ಎಂಬ ಸಭಾಸ್ಥಳದಲ್ಲಿ ಅಪೊಸ್ತಲ ಪೌಲ, "ನಾವು ಆತನ ಸಂತಾನದವರೇ" ಎಂಬ ಸಾಲನ್ನು ನಿಮ್ಮ ಕವಿಗಳೇ ಹೇಳಿದ್ದಾರಲ್ಲ ಎಂದು ಎತ್ತಿಕೊಳ್ಳುತ್ತಾನೆ (ಅಪೊಸ್ತಲರ ಕೃತ್ಯಗಳು 17:28). ಆ ಸಾಲು ಅರಾತಸ್ ಎಂಬ ಗ್ರೀಕ್ ಕವಿಯದು. ಕ್ರಿಸ್ತಪೂರ್ವ 3ನೇ ಶತಮಾನದವನು, ಪೌಲನ ಹಾಗೇ ಕಿಲಿಕ್ಯ ಸೀಮೆಯವನು (ಈಗಿನ ಟರ್ಕಿಯ ದಕ್ಷಿಣ ಭಾಗ). ನಕ್ಷತ್ರಗಳ ಮೇಲೆ ಬರೆದ ಆ ಪದ್ಯದಲ್ಲಿ ಅವನು ಹೊಗಳುವುದು ಗ್ರೀಕರ ಮುಖ್ಯ ದೇವತೆ ಜೀಯಸ್‌ನನ್ನು. ಪೌಲ ಅದನ್ನು ಓದಿದ್ದ ಅಥವಾ ಕೇಳಿದ್ದ, ಬಾಯಿಗೆ ಬರುವಷ್ಟು ನೆನಪಿಟ್ಟಿದ್ದ. ಅವನ ನಂಬಿಕೆ ಅದರಿಂದ ಕರಗಲಿಲ್ಲ ಅಲ್ವಾ?

ಹಾಗಂತ ಎಲ್ಲ ಕತೆಯೂ ಒಳ್ಳೆಯದೇ ಮಾಡುತ್ತದೆ ಎಂದು ನಾನು ಹೇಳಲಾರೆ. ನಿಮ್ಮ ಹೆದರಿಕೆಗೆ ಹಳೆಯ ಕಾಲದ ಕ್ರೈಸ್ತ ಗುರು ಆಗಸ್ಟೀನನ ಬೆಂಬಲ ಇದೆ. ಶಾಲೆಯಲ್ಲಿ ಲ್ಯಾಟಿನ್ ಕವಿ ವರ್ಜಿಲನ ಕಾವ್ಯ ಓದುತ್ತಾ, ಪ್ರೀತಿಗಾಗಿ ಪ್ರಾಣ ಬಿಟ್ಟ ರಾಣಿ ದಿದೋಗೆ ತಾನು ಅತ್ತಿದ್ದನ್ನು ಅವನು ಮುಂದೆ ನೆನೆದು ನೊಂದುಕೊಂಡ. ಅವಳ ಸಾವಿಗೆ ಕಣ್ಣೀರು ಬಂತು, ದೇವರಿಂದ ದೂರವಾಗಿ ಸಾಯುತ್ತಿದ್ದ ತನಗಾಗಿ ಬರಲಿಲ್ಲವಲ್ಲ ಎಂದು. ಪರದೆಯ ಮುಂದೆ ಅತ್ತು, ಪಕ್ಕದ ಕೋಣೆಯ ಕೆಮ್ಮು ಕೇಳಿಸದಂತೆ ಕೂರುವುದು ನಮಗೂ ಗೊತ್ತಿರುವುದೇ. ನೋಡಿ ಮುಗಿಸಿದ ಮೇಲೆ ಮನೆಯವರ ಹತ್ತಿರ ಹೇಗೆ ಮಾತಾಡುತ್ತೇನೆ ಎಂದು ನಾನು ಗಮನಿಸಿಕೊಳ್ಳುತ್ತೇನೆ. ಮೂರು ನಾಲ್ಕು ದಿನ ಮಾತು ಒರಟಾದರೆ ಆ ಸೀರೀಸನ್ನು ಅರ್ಧಕ್ಕೇ ಬಿಡುತ್ತೇನೆ.

ನನ್ನದೊಂದು ಅನುಭವ ಹೇಳಬೇಕು. ಅಮ್ಮ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಸತ್ಯವೇದ ತೆಗೆದರೆ ಅಕ್ಷರ ಕಾಣುತ್ತಿತ್ತು, ಅಷ್ಟೇ. ರಾತ್ರಿ ಎಚ್ಚರವಾಗಿರಲು ಸುಮ್ನೆ ಒಂದು ಕಾದಂಬರಿ ಹಿಡಿದೆ. ದೇವರ ಮಾತೇ ಇಲ್ಲದ ಪುಸ್ತಕ. ಅದರಲ್ಲಿ ಒಬ್ಬ ಮುದುಕ ಕಾಯಿಲೆಯ ಹೆಂಡತಿಯ ಕಾಲು ತೊಳೆಯುತ್ತಾನೆ. ಬೋಗುಣಿಯ ನೀರು ಕಪ್ಪಾಗುತ್ತದೆ. ಅವನು ಎದ್ದುಹೋಗಿ ನೀರು ಬದಲಿಸಿಕೊಂಡು ಬರುತ್ತಾನೆ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ನೀರು ಕೊಳೆಯಾಗಿತ್ತು ಎಂಬುದು ಮಾತ್ರ ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಹನ್ನೆರಡು ಜನರ ಕಾಲಿನ ಧೂಳು. ಬೆಳಿಗ್ಗೆ ಅಮ್ಮನ ಮೈ ಒರೆಸಲು ನೀರು ಕಾಯಿಸುವಾಗ, ಎಷ್ಟೋ ದಿನದ ಮೇಲೆ, ಪ್ರಾರ್ಥನೆ ತಾನಾಗಿ ಬಂತು. ಪಾತ್ರೆ ತೊಳೆಯುವ ಲೇಖನವನ್ನು ನಾನು ಆಸೆಪಟ್ಟು ಪ್ರಕಟಿಸಿದ್ದು ಆ ಬೆಳಗಿನ ನೆನಪಿನಿಂದ.

ಪಾಠಗಳ ವಿಷಯಕ್ಕೆ ನಿಮ್ಮ ಮಾತು ನ್ಯಾಯವಾಗಿದೆ. ಮುಂದಿನ ಸಂಚಿಕೆಯಿಂದ ಎರಡು ಪುಟ ಅದಕ್ಕೇ ಇರುತ್ತದೆ.

ಇನ್ನು ನಿಮ್ಮ ಮಗ. ಅವನ ಬಾಗಿಲು ತಟ್ಟಿ, ನಾನೂ ಒಂದು ಕಂತು ನೋಡಲಾ ಎಂದು ಕೇಳಿ ನೋಡಿ. ನೋಡುವಾಗ ಏನೂ ಹೇಳಬೇಡಿ, ವಚನವನ್ನಂತೂ ಹೇಳಲೇಬೇಡಿ. ಮುಗಿದ ಮೇಲೆ, ಇದರಲ್ಲಿ ನಿನಗೆ ಯಾರು ಇಷ್ಟ, ಯಾಕೆ ಎಂದು ಮಾತ್ರ ಕೇಳಿ. ಅವನಲ್ಲಿ ಇನ್ನೂ ಮೆತ್ತಗಿರುವ ಜಾಗ ಯಾವುದೆಂದು ಆ ಉತ್ತರದಲ್ಲಿ ನಿಮಗೆ ಕಾಣಬಹುದು. ಅವನು ನೋಡುತ್ತಿರುವ ಸೀರೀಸಿನ ಹೆಸರು ನನಗೂ ಬರೆದು ಕಳಿಸಿ. ನಾನೂ ನೋಡುತ್ತೇನೆ, ಅವನಿಗಾಗಿ ಪ್ರಾರ್ಥನೆಯನ್ನೂ ಮಾಡುತ್ತೇನೆ.

ಪ್ರೀತಿಯಿಂದ,
ಸಂಪಾದಕ