ಗೋಡೆ ನೋಡಿ ಡ್ರಿಲ್ ಕೊಳ್ಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಯಂತ್ರದ ವಾಟ್ ಎಷ್ಟಿರಬೇಕು, ಬೆಲೆ ಎಷ್ಟಾಗಬಹುದು ಎಂದು ಬಹುತೇಕ ಎಲ್ಲರೂ ಕೇಳಿದ್ದಾರೆ. ತಮ್ಮ ಮನೆಯ ಗೋಡೆ ಯಾವುದರಿಂದ ಕಟ್ಟಿದ್ದು ಎಂದು ತಾವಾಗಿ ತಿಳಿಸಿದವರು ಕಡಿಮೆ. ಉತ್ತರ ಕೊಡಲು ನಮಗೆ ಮೊದಲು ಬೇಕಾಗುವುದು ಆ ವಿವರವೇ.

ಪ್ರಶ್ನೆ: 500 ವಾಟ್‌ನ ಇಂಪ್ಯಾಕ್ಟ್ ಡ್ರಿಲ್ ಮಷೀನ್ ಕೊಂಡಿದ್ದೇನೆ. ಹಾಲ್‌ನ ಗೋಡೆಯಲ್ಲಿ ಸಲೀಸಾಗಿ ತೂತು ಬಿತ್ತು. ಆದರೆ ಕಿಟಕಿಯ ಮೇಲೆ ಕರ್ಟನ್ ರಾಡ್ ಹಾಕಲು ಹೋದಾಗ ಅರ್ಧ ಇಂಚು ಇಳಿದ ಬಿಟ್ ಅಲ್ಲೇ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಮುಂದೆ ಹೋಗಲಿಲ್ಲ, ತುದಿ ಮಾತ್ರ ನೀಲಿಗಟ್ಟಿತು. ಅಂಗಡಿಯವರು 850 ವಾಟ್‌ನದನ್ನು ಕೊಳ್ಳಿ ಎನ್ನುತ್ತಿದ್ದಾರೆ. ಕೊಳ್ಳಲೇ?
— ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಬೇಡ. ನಿಮ್ಮ ಬಿಟ್ ನಿಂತದ್ದು ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆಯಲ್ಲಿ, ಅಂದರೆ ಲಿಂಟಲ್‌ನಲ್ಲಿ. ಮೊದಲ ಅರ್ಧ ಇಂಚು ಗಿಲಾವು, ಅದರ ಹಿಂದೆ ಇರುವುದು ಜಲ್ಲಿ ಮತ್ತು ಕಂಬಿ ಸೇರಿದ ಕಾಂಕ್ರೀಟ್. ಹಾಲ್‌ನ ಗೋಡೆ ಇಟ್ಟಿಗೆಯದಾಗಿದ್ದರಿಂದ ಅಲ್ಲಿ ಇದೇ ಯಂತ್ರ ಚೆನ್ನಾಗಿ ಕೆಲಸ ಮಾಡಿತು.

ಇಂಪ್ಯಾಕ್ಟ್ ಡ್ರಿಲ್‌ನ ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜುತ್ತಾ ತಿರುಗುತ್ತವೆ. ಹಲ್ಲಿನ ಮೇಲೆ ಹಲ್ಲು ಹತ್ತಿ ಇಳಿದಾಗಲೆಲ್ಲ ಬಿಟ್‌ಗೆ ಒಂದು ಸಣ್ಣ ಏಟು ಬೀಳುತ್ತದೆ. ನಿಮಿಷಕ್ಕೆ ಸಾವಿರಾರು ಏಟುಗಳು ಬಿದ್ದರೂ ಒಂದೊಂದರ ಬಲ ಅತ್ಯಲ್ಪ, ಮತ್ತು ಆ ಬಲವೂ ನೀವು ಹಿಂದಿನಿಂದ ಎಷ್ಟು ಒತ್ತುತ್ತೀರಿ ಎಂಬುದನ್ನು ಅವಲಂಬಿಸಿರುತ್ತದೆ. ಇಟ್ಟಿಗೆಗೆ ಮತ್ತು ಸಿಮೆಂಟ್ ಬ್ಲಾಕಿಗೆ ಇಷ್ಟು ಸಾಕು. ಕರಿಕಲ್ಲಿನ ಜಲ್ಲಿ ಎದುರಾದರೆ ಸಾಲದು. ವಾಟ್ ಹೆಚ್ಚಿದರೆ ತಿರುಗುವ ಶಕ್ತಿ ಹೆಚ್ಚುತ್ತದೆಯೇ ಹೊರತು ಏಟಿನ ರೀತಿ ಬದಲಾಗುವುದಿಲ್ಲ. ಕಾಂಕ್ರೀಟಿಗೆ ಬೇಕಾದ ಯಂತ್ರ ರೋಟರಿ ಹ್ಯಾಮರ್. ಅದರಲ್ಲಿ ಪಿಸ್ಟನ್ ಒಂದು ಕೊಳವೆಯೊಳಗಿನ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಒಂದು ಉಕ್ಕಿನ ತುಂಡನ್ನು ಚಿಮ್ಮಿಸುತ್ತದೆ, ಆ ತುಂಡು ಬಿಟ್‌ನ ಹಿಂಬದಿಗೆ ಬಡಿಯುತ್ತದೆ. ಈ ಏಟಿಗೆ ನಿಮ್ಮ ತೋಳಿನ ಬಲ ಬೇಕಾಗಿಲ್ಲ. ಆದ್ದರಿಂದ ಅದನ್ನು ಕೊಳ್ಳುವಾಗ ವಾಟ್‌ಗಿಂತ ಮೊದಲು ಏಟಿನ ಶಕ್ತಿಯನ್ನು ಜೂಲ್‌ನಲ್ಲಿ ಎಷ್ಟೆಂದು ಬರೆದಿದ್ದಾರೆ ಎಂದು ನೋಡಬೇಕು. ಮನೆಬಳಕೆಗೆ 2 ಜೂಲ್‌ನ ಆಸುಪಾಸಿನದು ಧಾರಾಳವಾಯಿತು. ಅದಕ್ಕೆ ಹಾಕುವ ಬಿಟ್ ಬೇರೆ: ಎಸ್‌ಡಿಎಸ್ ಪ್ಲಸ್ ಎಂದು ಕೇಳಬೇಕು, ಅದರ ಹಿಡಿ 10 ಮಿ.ಮೀ. ದಪ್ಪವಿದ್ದು ಉದ್ದಕ್ಕೆ ಸಣ್ಣ ಕಾಲುವೆಗಳನ್ನು ಕೊರೆದಿರುತ್ತದೆ. ನಿಮ್ಮ ಈಗಿನ, ಬಿಟ್ಟನ್ನು ದವಡೆಯಿಂದ ಬಿಗಿಹಿಡಿಯುವ ಚಕ್‌ನ ಡ್ರಿಲ್ಲಿಗೆ ಅದನ್ನು ಹಾಕಬಾರದು.

ನಾಲ್ಕು ಕಿಟಕಿಯ ಕರ್ಟನ್ ರಾಡ್‌ಗಾಗಿ ಅಂಥ ಯಂತ್ರ ಕೊಳ್ಳುವುದು ದುಂದು. ಒಂದು ದಿನಕ್ಕೆ ಬಾಡಿಗೆಗೆ ಸಿಕ್ಕರೆ ತನ್ನಿ. ಅದಕ್ಕಿಂತ ಸುಲಭವಾದ ದಾರಿಯೂ ಇದೆ. ನಮ್ಮ ಕಡೆಯ ಸಾಮಾನ್ಯ ಮನೆಗಳಲ್ಲಿ ಲಿಂಟಲ್‌ನ ಎತ್ತರ ಸುಮಾರು ಆರು ಇಂಚು. ರಾಡ್‌ನ ಕ್ಲಾಂಪನ್ನು ಕಿಟಕಿಯ ಮೇಲಂಚಿನಿಂದ ಏಳೆಂಟು ಇಂಚು ಮೇಲಕ್ಕೆ ಸರಿಸಿದರೆ ಮತ್ತೆ ಇಟ್ಟಿಗೆ ಸಿಗುತ್ತದೆ; ಪರದೆ ತುಸು ಉದ್ದವಾಗಿರಬೇಕಾಗುತ್ತದೆ, ಅಷ್ಟೆ. ಕಿಟಕಿಯ ಪಕ್ಕಕ್ಕೆ ಸರಿಸಿ ತಪ್ಪಿಸಿಕೊಳ್ಳಲು ನೋಡಬೇಡಿ, ಏಕೆಂದರೆ ಅನೇಕ ಮನೆಗಳಲ್ಲಿ ಲಿಂಟಲ್ ಪಟ್ಟಿಯಾಗಿ ಗೋಡೆಯುದ್ದಕ್ಕೂ ಹೋಗಿರುತ್ತದೆ.

ನೀಲಿಗಟ್ಟಿದ ಬಿಟ್ಟನ್ನು ಎಸೆದುಬಿಡಿ. ಅದರ ತುದಿಯ ಕಾರ್ಬೈಡ್ ಬೆಸುಗೆ ಕಾದು ಸಡಿಲಗೊಂಡಿರುತ್ತದೆ. ಯಂತ್ರಕ್ಕೆ ಸಾವಿರಗಟ್ಟಲೆ ಕೊಟ್ಟು ಬಿಟ್‌ನಲ್ಲಿ ಇಪ್ಪತ್ತು ರೂಪಾಯಿ ಉಳಿಸುವವರನ್ನು ಕಂಡರೆ ನಮಗೆ ಅರ್ಥವಾಗುವುದಿಲ್ಲ. ಇನ್ನೊಂದು ಮಾತು: ತೂತಿನ ಆಳವನ್ನು ಲೆಕ್ಕ ಹಾಕುವಾಗ ಗಿಲಾವನ್ನು ಬಿಟ್ಟು ಲೆಕ್ಕ ಹಾಕಿ. ಪ್ಲಾಸ್ಟಿಕ್ ಪ್ಲಗ್ ಗಿಲಾವಿನಲ್ಲೇ ಕುಳಿತರೆ ಭಾರ ಬಿದ್ದ ದಿನ ಗಿಲಾವನ್ನೂ ಕಿತ್ತುಕೊಂಡು ಹೊರಬರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ತೂತು ಹೊಡೆಯಬೇಡಿ. ಗೋಡೆಯೊಳಗಿನ ವೈರಿನ ಪೈಪು ಅಲ್ಲೇ ಹಾದಿರುತ್ತದೆ.

ಪ್ರಶ್ನೆ: ನಮ್ಮದು ತಾತನ ಕಾಲದ ಮನೆ. ಕಲ್ಲು ಮತ್ತು ಕೆಸರುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪುಸ್ತಕದ ಶೆಲ್ಫ್ ತೂಗುಹಾಕಲು ಎಲ್ಲಿ ಡ್ರಿಲ್ ಮಾಡಿದರೂ ಮಣ್ಣು ಉದುರಿ ತೂತು ಬಾವಿಯಾಗುತ್ತದೆ. ಯಾವ ಪ್ಲಗ್ ಹಾಕಬೇಕು?
— ಚಿತ್ರದುರ್ಗ, ಕೋಟೆಯ ಬಳಿಯ ಹಳೆಯ ಪೇಟೆ

ಉತ್ತರ: ಯಾವ ಪ್ಲಗ್ಗೂ ಬೇಡ ಎಂದೇ ಹೇಳಬೇಕಾಗಿದೆ. ಪ್ಲಗ್ ಹಿಡಿದುಕೊಳ್ಳುವುದು ತಾನು ಹಿಗ್ಗಿ ಸುತ್ತಲಿನ ಗಟ್ಟಿ ವಸ್ತುವನ್ನು ಒತ್ತುವುದರಿಂದ. ಮಣ್ಣಿನ ಸಂದಿನಲ್ಲಿ ಅದಕ್ಕೆ ಒತ್ತಲು ಏನೂ ಸಿಗುವುದಿಲ್ಲ. ಮೊದಲು ಯಂತ್ರದ ಹ್ಯಾಮರ್ ಗುಂಡಿಯನ್ನು, ಅಂದರೆ ಬಿಟ್‌ಗೆ ಏಟು ಬೀಳಿಸುವ ಗುಂಡಿಯನ್ನು, ಬಂದ್ ಮಾಡಿ. ಆ ಕಂಪನಕ್ಕೆ ನೀವು ಕೊರೆಯುವ ಜಾಗ ಮಾತ್ರವಲ್ಲದೆ ಅಕ್ಕಪಕ್ಕದ ಕಲ್ಲುಗಳ ನಡುವಿನ ಮಣ್ಣೂ ಸಡಿಲವಾಗುತ್ತದೆ. ದುರ್ಗದಂಥ ಕಲ್ಲಿನ ಊರಿನಲ್ಲಿ ಕಲ್ಲಿಗೆ ಬರವಿಲ್ಲ ಎಂದು ಗೋಡೆಯನ್ನು ತಟ್ಟಿ ಕಲ್ಲನ್ನೇ ಹುಡುಕಿ ಕೊರೆಯುವವರಿದ್ದಾರೆ; ಒಂದು ಫೋಟೊ ತೂಗುಹಾಕಲು ಅದು ನಡೆದೀತು, ಪುಸ್ತಕದ ಭಾರಕ್ಕೆ ನಡೆಯದು, ಏಕೆಂದರೆ ಆ ಕಲ್ಲನ್ನು ಹಿಡಿದಿರುವುದೂ ಮಣ್ಣೇ.

ಈ ಮನೆಗಳನ್ನು ಕಟ್ಟಿದವರಿಗೆ ಗೋಡೆಯ ಗುಣ ಗೊತ್ತಿತ್ತು. ಆದ್ದರಿಂದಲೇ ಅವರು ಸಾಮಾನು ಇಡಲು ಗೋಡೆಯಲ್ಲೇ ಗೂಡು ಬಿಟ್ಟರು, ತೂಗುಹಾಕಲು ಕಟ್ಟುವಾಗಲೇ ಮರದ ಗೂಟಗಳನ್ನು ಸೇರಿಸಿದರು. ನಿಮ್ಮ ಮನೆಯಲ್ಲಿ ಗೂಡುಗಳಿದ್ದರೆ ಅವುಗಳ ಒಳಗೆ ಮರದ ಚೌಕಟ್ಟು ಕೂರಿಸಿ ಹಲಗೆ ಜೋಡಿಸಿಕೊಳ್ಳಿ. ಇಲ್ಲವಾದರೆ ಶೆಲ್ಫನ್ನು ನೆಲದ ಮೇಲೆ ನಿಲ್ಲುವಂತೆ ಮಾಡಿಸಿ. ಇಡೀ ಭಾರ ಕಾಲುಗಳ ಮೂಲಕ ನೆಲಕ್ಕೆ ಹೋಗಲಿ, ಮುಂದಕ್ಕೆ ವಾಲದಂತೆ ತಡೆಯಲು ಮಾತ್ರ ಮೇಲ್ತುದಿಯನ್ನು ತೊಲೆಗೆ ಅಥವಾ ಹಳೆಯ ಗೂಟಕ್ಕೆ ಕಟ್ಟಿದರೆ ಸಾಕು. ತೊಲೆಗೆ ಸ್ಕ್ರೂ ಹಾಕುವ ಮುನ್ನ ಸ್ಕ್ರೂ ಡ್ರೈವರಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ. ಮರ ಮೆತ್ತಗೆ ಒಳಹೋದರೆ ಗೆದ್ದಲು ಹಿಡಿದಿದೆ ಎಂದು ಅರ್ಥ, ಆಗ ನಿಮ್ಮ ಮೊದಲ ಕೆಲಸ ಶೆಲ್ಫಿನದಲ್ಲ, ಮಾಳಿಗೆಯದು.

ಈಗಾಗಲೇ ಬಿದ್ದಿರುವ ತೂತುಗಳನ್ನು ಸಿಮೆಂಟಿನಿಂದ ಮುಚ್ಚಬೇಡಿ. ಸಿಮೆಂಟು ಗಟ್ಟಿ, ಮಣ್ಣು ಮೃದು. ಗೋಡೆಯ ತೇವ ಹೊರಬರಲಾಗದೆ ಸಿಮೆಂಟಿನ ಹಿಂದೆ ನಿಂತು, ಕೆಲವು ಮಳೆಗಾಲಗಳಲ್ಲಿ ಆ ಸಿಮೆಂಟು ಬಿಲ್ಲೆ ಬಿಲ್ಲೆಯಾಗಿ ಮಣ್ಣಿನ ಸಮೇತ ಉದುರುತ್ತದೆ. ಮಣ್ಣು ಮತ್ತು ಸುಣ್ಣದಿಂದಲೇ ಮುಚ್ಚಿ.

ಪ್ರಶ್ನೆ: ನನ್ನ ಬಳಿ ನಾಲ್ಕು ಇಂಚಿನ ಗ್ರೈಂಡರ್ ಇದೆ. ಅದಕ್ಕೆ ಹಲ್ಲಿನ ಮರದ ಬ್ಲೇಡ್ ಹಾಕಿ ಪ್ಲೈವುಡ್ ಕತ್ತರಿಸುವುದನ್ನು ಮೊಬೈಲಿನಲ್ಲಿ ನೋಡಿದೆ. ಗಾರ್ಡ್ ಅಡ್ಡ ಬರುತ್ತದೆಂದು ಅವರು ಅದನ್ನು ತೆಗೆದಿದ್ದರು. ಹೀಗೆ ಮಾಡಬಹುದೇ?
— ಹರಿಹರ

ಉತ್ತರ: ಮಾಡಬಾರದು. ಈ ಅಂಕಣದಲ್ಲಿ ಇಷ್ಟು ಖಚಿತವಾಗಿ ಬೇಡವೆನ್ನುವ ಸಂದರ್ಭಗಳು ಹೆಚ್ಚಿಲ್ಲ, ಆದ್ದರಿಂದ ಕಾರಣವನ್ನೂ ಹೇಳುತ್ತೇವೆ. 100 ಮಿ.ಮೀ. ಡಿಸ್ಕಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಚಲಿಸುತ್ತಿರುತ್ತದೆ. ಕಬ್ಬಿಣ ಕತ್ತರಿಸುವ ಡಿಸ್ಕ್ ಸವೆಯುತ್ತಾ ಹೋಗುತ್ತದೆ, ವಸ್ತುವನ್ನು ಕಚ್ಚುವುದಿಲ್ಲ. ಹಲ್ಲಿನ ಬ್ಲೇಡ್ ಕಚ್ಚುತ್ತದೆ. ಮರದ ಗಂಟಿಗೋ ಮರೆತುಹೋದ ಮೊಳೆಗೋ ಹಲ್ಲು ಸಿಕ್ಕಿಕೊಂಡ ಕ್ಷಣದಲ್ಲಿ ಬ್ಲೇಡ್ ನಿಲ್ಲುತ್ತದೆ, ಯಂತ್ರ ತಿರುಗುತ್ತದೆ. ಅದು ತಿರುಗುವುದು ಹಿಡಿದವರ ಕಡೆಗೆ. ಅನೇಕ ಸಣ್ಣ ಗ್ರೈಂಡರ್‌ಗಳ ಸ್ವಿಚ್ ಒಮ್ಮೆ ಸರಿಸಿದರೆ ಹಾಗೆಯೇ ಉಳಿಯುವಂಥದ್ದು, ಕೈ ಬಿಟ್ಟರೂ ಯಂತ್ರ ನಿಲ್ಲುವುದಿಲ್ಲ.

ಮರ ಕತ್ತರಿಸುವ ಸರ್ಕ್ಯುಲರ್ ಸಾ ಯಂತ್ರವನ್ನು ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೆ ಹಲಗೆಯ ಮೇಲೆ ಕೂರುವ ಅಗಲವಾದ ತಳವಿದೆ, ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇದೆ, ಗುಂಡಿಯಿಂದ ಬೆರಳು ತೆಗೆದರೆ ಮೋಟರಿಗೆ ಕರೆಂಟ್ ನಿಲ್ಲುತ್ತದೆ. ಹವ್ಯಾಸಕ್ಕೆ ಮಾಡುವವರಿಗೆ ಜಿಗ್ ಸಾ ಇನ್ನೂ ಒಳ್ಳೆಯದು: ನಿಧಾನ, ಆದರೆ ಬೆರಳುಗಳು ಉಳಿಯುತ್ತವೆ. ಒಂದೆರಡು ಹಲಗೆಯ ಮಾತಾಗಿದ್ದರೆ ಅಳತೆ ಬರೆದುಕೊಂಡು ಹೋಗಿ ಪ್ಲೈವುಡ್ ಅಂಗಡಿಯಲ್ಲೇ ಕತ್ತರಿಸಿಕೊಡುವರೇ ಎಂದು ಕೇಳಿ.

ಗ್ರೈಂಡರನ್ನು ಅದರದೇ ಕೆಲಸಕ್ಕೆ ಬಳಸುವಾಗಲೂ ಕೆಲವು ವಿಷಯ ನೆನಪಿರಲಿ. ಕತ್ತರಿಸುವ ತೆಳು ಡಿಸ್ಕಿನ ಬದಿಯಿಂದ ಉಜ್ಜಬಾರದು, ಅದು ಒಡೆಯುತ್ತದೆ. ಉಜ್ಜಲು ಆರು ಮಿ.ಮೀ. ದಪ್ಪದ ಬೇರೆ ಡಿಸ್ಕ್ ಇದೆ. ಡಿಸ್ಕಿನ ಮೇಲೆ ಬರೆದ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಮುದ್ರಿಸಿರುತ್ತಾರೆ, ಅದನ್ನು ಓದಿ ಕೊಳ್ಳಿ. ಗಾರ್ಡನ್ನು ವಾಪಸು ಹಾಕಿ, ಕನ್ನಡಕ ಧರಿಸಿ. ಲುಂಗಿ ಉಟ್ಟು ಈ ಯಂತ್ರ ಹಿಡಿಯಬೇಡಿ.

ಪ್ರಶ್ನೆ: ಬ್ಯಾಟರಿ ಡ್ರಿಲ್‌ಗಳಲ್ಲಿ 18 ವೋಲ್ಟಿನದಕ್ಕಿಂತ 20 ವೋಲ್ಟಿನದು ಬಲವಾದದ್ದೇ?
— ಹಿರಿಯೂರು

ಉತ್ತರ: ಎರಡೂ ಒಂದೇ. ಒಳಗೆ 3.6 ವೋಲ್ಟಿನ ಐದು ಲಿಥಿಯಂ ಸೆಲ್‌ಗಳ ಸಾಲು ಇರುತ್ತದೆ, ಕೂಡಿದರೆ 18. ಪೂರ್ತಿ ಚಾರ್ಜ್ ಆಗಿ ಕೆಲಸವಿಲ್ಲದೆ ನಿಂತಾಗ ಅದೇ ಬ್ಯಾಟರಿ 20 ತೋರಿಸುತ್ತದೆ, ಕೆಲವು ಕಂಪನಿಗಳು ಆ ಸಂಖ್ಯೆಯನ್ನು ಡಬ್ಬಿಯ ಮೇಲೆ ಹಾಕುತ್ತವೆ. ನೀವು ನೋಡಬೇಕಾದದ್ದು ಆಂಪಿಯರ್ ಅವರ್: 2ರ ಬದಲು 4 ಇದ್ದರೆ ಎರಡರಷ್ಟು ಹೊತ್ತು ಬಾಳುತ್ತದೆ. ನಿಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿಯನ್ನು ತಗಡಿನ ಶೆಡ್ಡಿನಲ್ಲೋ ಕಾರಿನಲ್ಲೋ ಬಿಡಬೇಡಿ, ಬಿಸಿಯಾಗಿರುವಾಗ ಚಾರ್ಜಿಗೂ ಹಾಕಬೇಡಿ.

ಪ್ರಶ್ನೆ: ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆ ಬಂದರೆ ಸಣ್ಣದಾಗುತ್ತದೆ. ಮಾರ್ಬಲ್ ಕಟರ್‌ನಿಂದ ಕೊರೆದು ಪುಟ್ಟಿ ತುಂಬಿದೆ, ಮತ್ತೆ ಬಿಟ್ಟಿತು.
— ವಿದ್ಯಾನಗರ, ದಾವಣಗೆರೆ

ಉತ್ತರ: ಬೇಸಿಗೆ ಮತ್ತು ಮಳೆಗೆ ತಕ್ಕಂತೆ ಬಿರುಕು ಬದಲಾಗುತ್ತಿದೆ ಎಂಬ ನಿಮ್ಮ ಮಾತಿನಲ್ಲೇ ರೋಗದ ಸುಳಿವಿದೆ. ಮನೆ ಎರೆಮಣ್ಣಿನ ಮೇಲೆ ನಿಂತಿರುವ ಸಂಭವ ಹೆಚ್ಚು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯ ಹೊಲದಲ್ಲಿ ಕಾಣುವ ಬಿರುಕೇ ನಿಮ್ಮ ಪಾಯದ ಅಡಿಯಲ್ಲೂ ನಡೆಯುತ್ತಿದೆ. ಪಾಯ ಒಂದು ಕಡೆ ಅಲುಗಿದರೆ ಗೋಡೆ ಬಿಡುವುದು ಅದರ ದುರ್ಬಲ ಜಾಗದಲ್ಲಿ, ಅಂದರೆ ಕಿಟಕಿ, ಬಾಗಿಲುಗಳ ಮೂಲೆಯಲ್ಲಿ. ಗಟ್ಟಿಯಾಗುವ ಪುಟ್ಟಿ ಅಲುಗುವ ಬಿರುಕಿನಲ್ಲಿ ಉಳಿಯುವುದಿಲ್ಲ.

ಮೊದಲು ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ, ನಡುವೆ ಒಂದು ಕಡೆ ಅಗಲ ಅಳೆದಿಡಿ. ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಅಳೆಯಿರಿ. ಅಗಲ 5 ಮಿ.ಮೀ. ದಾಟಿದರೆ, ಬಿರುಕು ಗೋಡೆಯ ಆಚೆ ಬದಿಯಲ್ಲೂ ಕಂಡರೆ, ಅಥವಾ ಬಾಗಿಲು ಬಿಗಿಯಾಗತೊಡಗಿದರೆ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಬೇಕು. ಆಗ ಇದು ಹವ್ಯಾಸಿಗಳ ಕೆಲಸವಾಗಿ ಉಳಿಯುವುದಿಲ್ಲ. ಅಷ್ಟಿಲ್ಲದಿದ್ದರೆ ಹಿಗ್ಗಿ ಕುಗ್ಗುವ ಅಕ್ರಿಲಿಕ್ ಫಿಲ್ಲರ್ ತುಂಬಿ. ತುಂಬುವ ಕಾಲವೂ ಮುಖ್ಯ: ಬೇಸಿಗೆಯಲ್ಲಿ ತುಂಬಿದರೆ ಮಳೆಗಾಲದಲ್ಲಿ ಒತ್ತಿ ಉಬ್ಬುತ್ತದೆ, ಮಳೆಗಾಲದಲ್ಲಿ ತುಂಬಿದರೆ ಬೇಸಿಗೆಯಲ್ಲಿ ಹರಿಯುತ್ತದೆ, ಬಿರುಕು ನಡುವಣ ಅಗಲದಲ್ಲಿರುವ ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಕಟರ್ ಬೇಡ, ಕೆರೆಯುವ ಕೈ ಉಪಕರಣ ಸಾಕು, ಲಿಂಟಲ್ ಹತ್ತಿರದಲ್ಲೇ ಇರುತ್ತದೆ. ಇದೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮನೆಯ ಹೊರಗಿನ ಕೆಲಸ: ಗೋಡೆಯ ಬುಡದಲ್ಲಿ ಸುತ್ತ ಮೂರು ಅಡಿ ಅಗಲ ಗಾರೆ ಹಾಕಿಸಿ ಹೊರಕ್ಕೆ ಇಳಿಜಾರು ಕೊಡಿ, ಮಾಳಿಗೆಯ ನೀರು ಪಾಯದ ಬಳಿ ಬೀಳದಂತೆ ಪೈಪನ್ನು ದೂರಕ್ಕೆ ಒಯ್ಯಿರಿ, ಬಚ್ಚಲಿನ ಪೈಪು ಸೋರುತ್ತಿದ್ದರೆ ಸರಿಪಡಿಸಿ.

ಪ್ರಶ್ನೆ: ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ನಲ್ಲಿಗಾಗಿ 35 ಮಿ.ಮೀ. ತೂತು ಬೇಕು. ಮನೆಯಲ್ಲಿರುವ ಡ್ರಿಲ್‌ನಿಂದ ಸಾಧ್ಯವೇ?
— ಹೊಸದುರ್ಗ

ಉತ್ತರ: ಸಾಧ್ಯ, ಹ್ಯಾಮರ್ ಬಂದ್ ಮಾಡಿ 35 ಮಿ.ಮೀ. ಡೈಮಂಡ್ ಕೋರ್ ಬಿಟ್ (ಅಂಚಿಗೆ ವಜ್ರದ ಪುಡಿ ಕೂರಿಸಿದ ಕೊಳವೆಯಾಕಾರದ ಬಿಟ್) ಹಾಕಿದರೆ. ಅದೇ ಅಳತೆಯ ತೂತಿರುವ ಪ್ಲೈವುಡ್ ತುಂಡನ್ನು ಕಲ್ಲಿನ ಮೇಲೆ ಬಿಗಿಯಾಗಿ ಹಿಡಿಸಿಕೊಂಡರೆ ಆರಂಭದಲ್ಲಿ ಬಿಟ್ ಜಾರುವುದಿಲ್ಲ. ಒಂದು ವರ್ತುಲ ಮೂಡಿದ ಮೇಲೆ ಪ್ಲೈವುಡ್ ತೆಗೆದು ಸುತ್ತ ಚಪಾತಿ ಹಿಟ್ಟಿನ ಕಟ್ಟೆ ಕಟ್ಟಿ ಒಳಗೆ ನೀರು ನಿಲ್ಲಿಸಿ, ನಿಧಾನ ವೇಗದಲ್ಲಿ ಕೊರೆಯಿರಿ. ನೀರು ಎರಡು ಕೆಲಸ ಮಾಡುತ್ತದೆ: ಬಿಟ್ಟನ್ನು ತಣ್ಣಗಿಡುತ್ತದೆ, ಕಲ್ಲಿನ ಧೂಳು ಏಳದಂತೆ ತಡೆಯುತ್ತದೆ. ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶ ಸೇರಿ ಸಿಲಿಕೋಸಿಸ್ ಬಂದರೆ ಅದು ವಾಸಿಯಾಗುವ ರೋಗವಲ್ಲ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಕಟ್ಟೆ ಕಡಪ ಕಲ್ಲಿನದಾಗಿದ್ದರೆ ಬೇಗ ಕೊರೆಯುತ್ತದೆ, ಆದರೆ ಪದರು ಪದರಾಗಿ ಏಳುವ ಕಲ್ಲಾದ್ದರಿಂದ ಕೊನೆಯಲ್ಲಿ ಇನ್ನೂ ಹಗುರವಾಗಿ ಒತ್ತಬೇಕು.

ನೀರು ಮತ್ತು ಕರೆಂಟು ಒಟ್ಟಿಗೆ ಇರುವ ಕೆಲಸ ಇದು. ಡ್ರಿಲ್ಲಿನ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಎರಡು ಪದರ ನಿರೋಧಕವಿರುವ ಯಂತ್ರ, ಎರಡು ಪಿನ್ ಇದ್ದರೂ ದೋಷವಲ್ಲ. ಆದರೆ ಒಳಗೆ ನೀರು ಹೊಕ್ಕರೆ ಆ ರಕ್ಷಣೆ ಉಳಿಯುವುದಿಲ್ಲ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಇದೆಯೇ ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿದಾಗ ಬಂದ್ ಆಗಬೇಕು. ಬರೀ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬಂದ್ ಆಗುವ ಸ್ವಿಚ್) ಇದ್ದರೆ ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಹಾಗಿದ್ದಲ್ಲಿ ಬ್ಯಾಟರಿ ಡ್ರಿಲ್ಲನ್ನು ಯಾರಿಂದಲಾದರೂ ಎರವಲು ತಂದು ಮಾಡಿ. ತೂತು ಬಿದ್ದ ಮೇಲೆ ಅಂಚನ್ನು ಒರೆಸಿ ಒಣಗಿಸಿ, ನಲ್ಲಿಯ ಬುಡಕ್ಕೆ ಸಿಲಿಕೋನ್ ಹಚ್ಚಿ ಕೂರಿಸಿ, 24 ಗಂಟೆ ಅಲ್ಲಿಗೆ ನೀರು ಸೋಕಿಸಬೇಡಿ.