ಭಾರಿ ಷಂಟಿಂಗ್ ಎಂಜಿನ್ ಬಗ್ಗೆ ಬರೆದವರಿಗೆ

ನಮಸ್ಕಾರ.

ಅಮೆರಿಕದ ಭಾರಿ ಷಂಟಿಂಗ್ ಉಗಿ ಎಂಜಿನ್‌ಗಳ ವಿನ್ಯಾಸದ ಮೇಲೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ಪೂರ್ತಿ ತೆಗೆದುಬಿಡಿ. ‘ಹೊಗೆ ಕಾರುವ ಉಕ್ಕಿನ ದೈತ್ಯ’ ಅನ್ನುವ ಮಾತು ಯಾವ ಉಗಿ ಎಂಜಿನ್‌ಗೂ ಹೊಂದುತ್ತದೆ. ನಿಮ್ಮ ಎಂಜಿನ್ ಊರಿಂದೂರಿಗೆ ಓಡುವುದಲ್ಲ. ರೈಲ್ವೆ ಯಾರ್ಡಿನೊಳಗೇ ದಿನವಿಡೀ ಹಿಂದೆ ಮುಂದೆ ಹೋಗುತ್ತಾ ವ್ಯಾಗನ್ ಬಿಡಿಸುವುದು, ಜೋಡಿಸುವುದು, ತಳ್ಳುವುದು ಅದರ ಕೆಲಸ. ಹೊರಡು, ನಿಲ್ಲು, ಮತ್ತೆ ಹೊರಡು. ಅಲ್ಲಿಂದಲೇ ಶುರು ಮಾಡಿ. ಅದರ ಒಂದೊಂದು ಅಂಗವೂ ಈ ಕೆಲಸಕ್ಕಾಗಿಯೇ ಹಾಗಿದೆ.

ಇನ್ನು ನಿಮ್ಮ ಪಟ್ಟಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರ್ಕಾರ ರೈಲ್ವೆಗಳನ್ನು ತನ್ನ ಕೈಗೆ ತೆಗೆದುಕೊಂಡು ರೂಪಿಸಿದ 0-8-0 (ಮುಂದೆ ಪುಟ್ಟ ಗಾಲಿ ಇಲ್ಲ, ನಡುವೆ ಎಳೆಯುವ ಗಾಲಿ ಎಂಟು, ಹಿಂದೆಯೂ ಪುಟ್ಟ ಗಾಲಿ ಇಲ್ಲ) ಎಂಜಿನ್ನಿನ ಅಳತೆಗಳನ್ನು ಒಂದರ ಕೆಳಗೊಂದು ಪೇರಿಸಿದ್ದೀರಿ. ಸಿಲಿಂಡರ್ ಅಗಲ 25 ಇಂಚು, ಪಿಸ್ಟನ್ ಓಡಾಟ 28 ಇಂಚು, ಉಗಿಯ ಒತ್ತಡ ಚದರ ಇಂಚಿಗೆ 175 ಪೌಂಡ್, ಗಾಲಿಯ ವ್ಯಾಸ 51 ಇಂಚು. ಎಲ್ಲ ಸರಿಯಾಗಿವೆ. ಆದರೆ ಓದುವವರಿಗೆ ಇದರಿಂದ ಏನು ಸಿಕ್ಕಿತು? 51 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 13 ಅಡಿ ಹೋಗುತ್ತದೆ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಹಡ್ಸನ್ ಎಕ್ಸ್‌ಪ್ರೆಸ್ ಎಂಜಿನ್ನಿನ 79 ಇಂಚಿನ ಗಾಲಿ 20 ಅಡಿಗೂ ಜಾಸ್ತಿ ಹೋಗುತ್ತದೆ. ಪಿಸ್ಟನ್ನಿನ ಅದೇ ತಳ್ಳಾಟ ಕಡಿಮೆ ದೂರಕ್ಕೆ ಖರ್ಚಾದರೆ ಎಳೆತ ಜೋರಾಗುತ್ತದೆ, ವೇಗ ಹೋಗುತ್ತದೆ. ಯಾರ್ಡಿನಲ್ಲಿ ವೇಗ ಯಾರಿಗೆ ಬೇಕು? ಹೀಗೆ ಹೇಳಿದರೆ ಅಂಕಿಗೆ ಜೀವ ಬರುತ್ತದೆ, ಅಲ್ವಾ?

ಒಂದು ಕಡೆ ತಪ್ಪಾಗಿದೆ. ‘ಸಿಲಿಂಡರ್ ಇನ್ನೂ ದೊಡ್ಡದಿದ್ದರೆ ಎಳೆಯುವ ಬಲ ಇನ್ನೂ ಹೆಚ್ಚುತ್ತಿತ್ತು’ ಎಂದಿದ್ದೀರಿ. ಇಲ್ಲ. ಆ ಎಂಜಿನ್ನಿನ ತೂಕ ಸುಮಾರು 2,14,000 ಪೌಂಡ್, ಎಳೆತ ಸುಮಾರು 51,000 ಪೌಂಡ್. ಅಂದರೆ ತೂಕದ ಕಾಲು ಭಾಗಕ್ಕಿಂತ ತುಸು ಕಡಿಮೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವುದೇ ಹೆಚ್ಚುಕಡಿಮೆ ಅಷ್ಟು. ಅದನ್ನು ಮೀರಿದರೆ ಗಾಲಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ರೈಲು ಅಲ್ಲಾಡುವುದಿಲ್ಲ. ಇಂಥ ಎಂಜಿನ್ನಿಗೆ ಮುಂದೆ ದಾರಿ ತೋರುವ ಪುಟ್ಟ ಗಾಲಿಗಳು ಇಲ್ಲದಿರುವುದೂ ಇದಕ್ಕೇ. ನಿಧಾನಕ್ಕೆ ಹೋಗುವಾಗ ಅವು ಬೇಕಿಲ್ಲ. ಇಟ್ಟರೆ ಒಂದಷ್ಟು ಭಾರ ಅವುಗಳ ಮೇಲೆ ಸುಮ್ನೆ ಕೂರುತ್ತದೆ, ಎಳೆಯುವ ಗಾಲಿಗಳ ಹಿಡಿತ ಅಷ್ಟು ಕಡಿಮೆಯಾಗುತ್ತದೆ. ನೀವು ಇದನ್ನು ‘ಸರಳ ರಚನೆ’ ಎಂದು ಎರಡೇ ಪದದಲ್ಲಿ ಮುಗಿಸಿದ್ದೀರಿ. ನನ್ನ ಪ್ರಕಾರ ಲೇಖನದ ಬೆನ್ನೆಲುಬೇ ಇದು.

ಹಿಂದುಗಡೆಯೂ ಪುಟ್ಟ ಗಾಲಿ ಇಲ್ಲ. ಯಾಕೆ ಎಂದು ನೀವು ಕೇಳಿಕೊಂಡೇ ಇಲ್ಲ. ಷಂಟಿಂಗ್ ಎಂಜಿನ್ ಸ್ವಲ್ಪ ಹೊತ್ತು ಜೋರಾಗಿ ಎಳೆದು ನಿಲ್ಲುತ್ತದೆ. ನಿಂತಾಗ ಬಾಯ್ಲರ್‌ನಲ್ಲಿ ಒತ್ತಡ ಮತ್ತೆ ಏರುತ್ತದೆ. ಹಾಗಾಗಿ ಭಾರಿ ಬೆಂಕಿಗೂಡು ಬೇಕಾಗುವುದಿಲ್ಲ, ಅದನ್ನು ಹೊರಲು ಹಿಂದೆ ಗಾಲಿಯೂ ಬೇಡ. ಈಗ ನೀವು ಒಂದೇ ಸಾಲಿನಲ್ಲಿ ದಾಟಿಸಿದ ಯೂನಿಯನ್ ರೈಲ್‌ರೋಡ್‌ನ 0-10-2 ನೋಡಿ. 1936ರಿಂದ ಬಾಲ್ಡ್‌ವಿನ್ ಕಂಪನಿ ಕಟ್ಟಿಕೊಟ್ಟ ಒಂಬತ್ತು ಎಂಜಿನ್‌ಗಳು. ಪಿಟ್ಸ್‌ಬರ್ಗ್ ಸುತ್ತಲಿನ ಉಕ್ಕಿನ ಕಾರ್ಖಾನೆಗಳ ನಡುವೆ ಭಾರದ ಗಾಡಿಗಳನ್ನು ಬಿಡುವಿಲ್ಲದೆ ಎಳೆಯಬೇಕಿತ್ತು. ಉಗಿ ಸತತವಾಗಿ ಬೇಕಾಯಿತು, ಬೆಂಕಿಗೂಡು ದೊಡ್ಡದಾಯಿತು, ಅದರ ಕೆಳಗೆ ಗಾಲಿ ಬಂತು. ಕೆಲಸ ಬದಲಾದ ಕೂಡಲೇ ಆಕಾರ ಬದಲಾಯಿತು. ಇದಕ್ಕೆ ಪೂರ್ತಿ ಒಂದು ಪುಟ ಕೊಡಿ.

ಇಂಡಿಯಾನಾ ಹಾರ್ಬರ್ ಬೆಲ್ಟ್ ರೈಲ್ವೆಯ 1927ರ ಮೂರು ಸಿಲಿಂಡರ್ ಎಂಜಿನ್ ಬಗ್ಗೆ ಬರೆದದ್ದು ಚೆನ್ನಾಗಿದೆ. ಮೂರು ಕಡೆಯಿಂದ ತಳ್ಳಿದರೆ ಗಾಲಿಗೆ ಬಲ ಹೆಚ್ಚು ಸಮನಾಗಿ ಸಿಗುತ್ತದೆ ಎನ್ನುವುದನ್ನು ಸೇರಿಸಿ. ನಡುವಿನ ಸಿಲಿಂಡರ್ ಎಂಜಿನ್ನಿನ ಚೌಕಟ್ಟಿನ ಒಳಗಿರುತ್ತದೆ. ಅಲ್ಲಿಗೆ ನುಗ್ಗಿ ಎಣ್ಣೆ ಹಾಕುವವನ ಪಾಡನ್ನೂ ಹೇಳಿ.

ನಿಮ್ಮ ಲೇಖನದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ ಕೊರತೆ. ದಿಕ್ಕು ಬದಲಿಸುವ ಸನ್ನೆಯನ್ನು ಚಾಲಕ ಒಂದು ಪಾಳಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಎಳೆಯಬೇಕು. ಉದ್ದನೆಯ ಕಬ್ಬಿಣದ ಸನ್ನೆ, ಮೈಯ ಭಾರವನ್ನೆಲ್ಲ ಹಾಕಿ, ಕಾಲು ಊರಿ. ಗಾಳಿಯ ಒತ್ತಡದಿಂದ ಅದನ್ನು ತಿರುಗಿಸುವ ಸಾಧನ ಬಂದಾಗ ಅವನ ಭುಜಕ್ಕೆ ಏನಾಯಿತು ಎಂದು ಬರೆಯಿರಿ. ಎಷ್ಟೋ ಷಂಟಿಂಗ್ ಎಂಜಿನ್‌ಗಳ ಟೆಂಡರ್, ಅಂದರೆ ಹಿಂದೆ ಕಲ್ಲಿದ್ದಲು ನೀರು ಹೊರುವ ಗಾಡಿ, ಹಿಂದಕ್ಕೆ ಇಳಿಜಾರಾಗಿರುತ್ತದೆ. ಅದನ್ನು ‘ವಿಶಿಷ್ಟ ಸೌಂದರ್ಯ’ ಎಂದಿದ್ದೀರಿ. ಅದು ಅಂದಕ್ಕಲ್ಲ. ಹಿಂದಕ್ಕೆ ಬರುವಾಗ ಹಳಿಯ ಪಕ್ಕ ನಿಂತು ಕೈಸನ್ನೆ ಮಾಡುವ ಕೆಲಸಗಾರ ಚಾಲಕನ ಕಣ್ಣಿಗೆ ಬೀಳಬೇಕು, ಅದಕ್ಕೆ.

ಕೊನೆಯ ಪ್ಯಾರಾದಲ್ಲಿ ಡೀಸೆಲ್ ಬಂತು, ಉಗಿ ಹೋಯಿತು ಎಂದು ಕಣ್ಣೀರು ಹಾಕಿದ್ದೀರಿ. ಅದರ ಬದಲು ಬ್ರಾಕೆಟ್ಟಿನೊಳಗೆ ಬಚ್ಚಿಟ್ಟ ಸಂಗತಿಯನ್ನು ಅಲ್ಲಿಗೆ ತನ್ನಿ. 1953ರ ಡಿಸೆಂಬರ್‌ನಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ ತನ್ನ ರೋನೋಕ್ ಕಾರ್ಖಾನೆಯಿಂದ 244ನೇ ನಂಬರಿನ ಎಂಜಿನ್ನನ್ನು ಹೊರಗೆ ತಂದಿತು. ಅಮೆರಿಕದ ದೊಡ್ಡ ರೈಲ್ವೆಯೊಂದು ತನ್ನ ಬಳಕೆಗೆ ಕಟ್ಟಿಸಿದ ಕೊನೆಯ ಉಗಿ ಎಂಜಿನ್ ಅದೇ. ಅದು ಎಕ್ಸ್‌ಪ್ರೆಸ್ ಎಂಜಿನ್ ಅಲ್ಲ, ಷಂಟಿಂಗ್ ಮಾಡುವ 0-8-0.

ತಿದ್ದಿ ಮತ್ತೆ ಕಳಿಸಿ. ಪಟ್ಟಿ ಬೇಡ, ಎಂಜಿನ್ನಿನ ಪಕ್ಕದಿಂದ ತೆಗೆದ ಒಂದು ಚಿತ್ರವಿರಲಿ. ಬಂದ ಕೂಡಲೇ ನಾನೇ ಓದುತ್ತೇನೆ.