ಕಿಂಗ್ ಹುಟ್ಟಿದ್ದು 15ಕ್ಕೆ, ರಜೆ ಮಾತ್ರ ಸೋಮವಾರ ಯಾಕೆ?

ನೀವು ಕೇಳಿದ್ರಲ್ಲ, ಅಮೆರಿಕದಲ್ಲಿ ಕಪ್ಪು ಜನರ ಸಮಾನ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು 1929ರ ಜನವರಿ 15 ಅಂತಾರೆ, ಅಲ್ಲಿನ ಕ್ಯಾಲೆಂಡರಲ್ಲಿ ಅವರ ಹೆಸರಿನ ರಜೆ ಮಾತ್ರ ಒಂದೊಂದು ವರ್ಷ ಒಂದೊಂದು ಡೇಟಿಗೆ ಇರುತ್ತೆ, ಪ್ರಿಂಟ್ ಮಿಸ್ಟೇಕಾ ಅಂತ. ಅಲ್ಲ ಸಾರ್. ರಜೆ ಇರೋದೇ ಜನವರಿಯ ಮೂರನೇ ಸೋಮವಾರ, ಹಾಗಾಗಿ 15ರಿಂದ 21ರೊಳಗೆ ಯಾವತ್ತು ಬೇಕಾದ್ರೂ ಬೀಳುತ್ತೆ. ವಾಷಿಂಗ್ಟನ್ ಹುಟ್ಟುಹಬ್ಬ, ಮಡಿದ ಸೈನಿಕರನ್ನ ನೆನೆಯೋ ಮೆಮೋರಿಯಲ್ ಡೇನೂ 1971ರಿಂದ ಸೋಮವಾರಕ್ಕೇ ಎಳ್ಕೊಂಡಿದಾರೆ, ವೀಕೆಂಡ್ ಸೇರಿ ಮೂರು ದಿನ ಸಿಗ್ಲಿ ಅಂತ.

ಆದ್ರೆ ಕಿಂಗ್ ರಜೆ ಸುಮ್ನೆ ಸಿಕ್ಕಿದ್ದಲ್ಲ. 1968ರ ಏಪ್ರಿಲಲ್ಲಿ ಕಿಂಗ್ ಕೊಲೆಯಾಗಿ ನಾಲ್ಕೇ ದಿನಕ್ಕೆ ಸಂಸದ ಜಾನ್ ಕಾನ್ಯರ್ಸ್ ರಜೆಗೆ ಮಸೂದೆ ತಂದ್ರು, 1979ರಲ್ಲಿ ಕೆಳಮನೆಲಿ ಬರೀ 5 ವೋಟಿಗೆ ಬಿದ್ದೋಯ್ತು, ಕೊನೆಗೆ 1983ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿ 1986ರ ಜನವರಿ 20ಕ್ಕೆ ಮೊದಲ ಸಲ ಆಚರಿಸಿದ್ರು. ಅರಿಜೋನಾ ರಾಜ್ಯದವ್ರು 1990ರಲ್ಲಿ ವೋಟ್ ಹಾಕಿ ಈ ರಜೆ ಬೇಡ ಅಂದ್ರು ನೋಡಿ, ಅವರಲ್ಲಿ 1993ಕ್ಕೆ ನಡೀಬೇಕಿದ್ದ ಸೂಪರ್ ಬೌಲೇ (ಅಮೆರಿಕನ್ ಫುಟ್ಬಾಲಿನ ಫೈನಲ್) ಕೈತಪ್ಪಿ ಕ್ಯಾಲಿಫೋರ್ನಿಯಾಗೆ ಹೋಯ್ತು, 1992ರಲ್ಲಿ ತೆಪ್ಪಗೆ ಒಪ್ಕೊಂಡ್ರು. ನಂಗೆ ಈ ಭಾಗ ಓದಿದಾಗೆಲ್ಲ ನಗು ಬರುತ್ತೆ.

ಇನ್ನೊಂದು, ಜನವರಿ 20 ಅಧ್ಯಕ್ಷರ ಪ್ರಮಾಣವಚನದ ದಿನಾನೂ ಹೌದು. 2013ರಲ್ಲಿ 20 ಭಾನುವಾರ ಬಂತು ಅಂತ ಒಬಾಮ ಜನರೆದುರು ಪ್ರಮಾಣ ಮಾಡಿದ್ದು 21ಕ್ಕೆ, ಸರಿಯಾಗಿ ಕಿಂಗ್ ರಜೆ ದಿನಾನೇ. ಕೈಕೆಳಗೆ ಎರಡು ಬೈಬಲ್, ಒಂದು ಲಿಂಕನ್‌ದು, ಇನ್ನೊಂದು ಕಿಂಗ್ ಊರೂರು ಸುತ್ತುವಾಗ ಜೊತೆಗಿಟ್ಕೊಳ್ತಿದ್ದಿದ್ದು.